ನಾನು ತಟ್ಟದ ಚುಕ್ಕಿ

ಹೋದ ವಾರ ನಮ್ಮ ಸಂಪಿನ ಮೋಟಾರು ಕೆಟ್ಟಿತ್ತು. ಗುಬ್ಬಿ ಪೇಟೆಯಿಂದ ಮೆಕ್ಯಾನಿಕ್ ಬಂದು ಅದನ್ನು ಅಂಗಳದಲ್ಲಿ ಬಿಚ್ಚಿ ಹರಡಿಕೊಂಡ. ಈಗ ಸೀಮೆಎಣ್ಣೆ ಸಿಗುವುದೇ ಅಪರೂಪ. ಅವನು ಎಲ್ಲಿಂದಲೋ ಒಂದು ಬಾಟಲಿ ಹೊಂದಿಸಿ ತಂದಿದ್ದ. ಹಳೇ ತಟ್ಟೆಗೆ ಸುರಿದು ಬೇರಿಂಗುಗಳನ್ನು ತೊಳೆಯತೊಡಗಿದಾಗ ಎಣ್ಣೆ ಕಪ್ಪಾಯಿತು, ವಾಸನೆ ಅಡುಗೆಮನೆಯವರೆಗೆ ಬಂತು. ಒಗ್ಗರಣೆಗೆ ಸಾಸಿವೆ ಹಾಕಿದ್ದವಳು ಸೌಟು ಹಿಡಿದು ಹಾಗೇ ನಿಂತುಬಿಟ್ಟೆ. ಸಾಸಿವೆ ಸೀದು ಮನೆಯೆಲ್ಲ ಹೊಗೆಯಾಯಿತು.

ಸೀಮೆಎಣ್ಣೆ, ಕಪ್ಪು ಮಸಿ, ಸ್ವಲ್ಪ ಕಬ್ಬಿಣ... ತುಮಕೂರಿನ ಆ ಪ್ರೆಸ್ಸಿನಲ್ಲಿ ಸಂಜೆ ಐದರ ಹೊತ್ತಿಗೆ ಅಚ್ಚುಮೊಳೆಗಳನ್ನು ತೊಳೆಯುವಾಗ ಬರುತ್ತಿದ್ದದ್ದು ಇದೇ ವಾಸನೆ. ಅದರ ಹಿಂದೆಯೇ ಅವರು ನೆನಪಾದರು, ಅಲ್ಲಿ ಕರಡು ತಿದ್ದುತ್ತಿದ್ದ ಮೇಷ್ಟ್ರು.

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮೀಸೆ ಮೂಡುವ ವಯಸ್ಸಿಗೆ ಮೊಳೆ ಜೋಡಿಸಲು ಸೇರಿ, ಬೆರಳು ನಡುಗಲು ಶುರುವಾದ ಮೇಲೆ ಕರಡು ತಿದ್ದಲು ಕೂತವರು. ಆದರೂ ಪ್ರೆಸ್ಸಿನ ಓನರಿಂದ ಹಿಡಿದು ಕಾಫಿ ತರುವವನವರೆಗೆ ಎಲ್ಲರಿಗೂ ಅವರು ಮೇಷ್ಟ್ರೇ. ನಿಜವಾಗಿ ಮೇಷ್ಟ್ರ ಕೆಲಸ ಮಾಡುತ್ತಿದ್ದವಳು ನಾನು, ಬಿದರೆಹಳ್ಳ ಕಾವಲ್ ಕಡೆಯ ಒಂದು ಹಳ್ಳಿಶಾಲೆಯಲ್ಲಿ. ಆಗ ಅಲ್ಲಿ ಹೆಲಿಕಾಪ್ಟರ್ ಫ್ಯಾಕ್ಟರಿಯೆಲ್ಲ ಇರಲಿಲ್ಲ, ಬರೀ ಬಯಲು. ಶನಿವಾರ ಬೆಳಗಿನ ಶಾಲೆ ಮುಗಿಸಿ ಗುಬ್ಬಿಯಲ್ಲಿ ಬಸ್ಸು ಹಿಡಿದು ತುಮಕೂರಿಗೆ ಹೋಗುತ್ತಿದ್ದೆ. ನನ್ನ ಮೊದಲ ಕಥಾಸಂಕಲನ ಅಲ್ಲಿ ಅಚ್ಚಾಗುತ್ತಿತ್ತು. ಊರಿನ ಉಳಿದ ಪ್ರೆಸ್ಸುಗಳೆಲ್ಲ ಆಫ್‌ಸೆಟ್ಟಿಗೆ ತಿರುಗಿದ್ದರೂ ಈ ಓನರು ಮಾತ್ರ ಮೊಳೆಗಳನ್ನು ಬಿಟ್ಟಿರಲಿಲ್ಲ.

ಒಂಬತ್ತು ಕಥೆ. ಕೊನೆಯದು ನನ್ನ ತಂಗಿಯದು. ಹುಲಿಯೂರುದುರ್ಗಕ್ಕೆ ಮದುವೆಯಾಗಿ ಹೋಗಿದ್ದ ಅವಳು ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ನಾನು ಅವಳನ್ನು ಕಡೆಯ ಸಲ ಕಂಡದ್ದು ತುಮಕೂರು ಬಸ್ ಸ್ಟ್ಯಾಂಡಿನಲ್ಲಿ, ಕುಣಿಗಲ್ ಬಸ್ಸಿನ ಕಿಟಕಿಯಲ್ಲಿ. ಕಥೆ ಅಲ್ಲಿಗೇ ಮುಗಿಯುತ್ತಿತ್ತು. 'ಮುಂದಿನ ಸೋಮವಾರ ಬರ್ತೀನಿ ಕಣಕ್ಕ ಎಂದಳು' ಎಂಬುದೇ ಕೊನೆಯ ವಾಕ್ಯ. ನಿಜ ಹೇಳಬೇಕೆಂದರೆ ಆ ಪುಸ್ತಕ ಮಾಡಿಸಿದ್ದೇ ಆ ಒಂದು ಕಥೆಗಾಗಿ. ಉಳಿದ ಎಂಟು ಅದರ ಜೊತೆ ಮೆರವಣಿಗೆಗೆ ಬಂದವು.

ಮೊದಲ ಶನಿವಾರ ಮೇಷ್ಟ್ರು ನನ್ನ ಹಸ್ತಪ್ರತಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಒಂದೆರಡು ಹಾಳೆ ತಿರುವಿದರು. ನಾನು ಆಗ ಬರೆಯುತ್ತಿದ್ದದ್ದೇ ಹಾಗೆ. ಯಾರಾದರೂ ಅತ್ತರೆ ಮೂರು ಆಶ್ಚರ್ಯ ಚಿಹ್ನೆ, ಸತ್ತರೆ ಐದು. ಉಳಿದ ಕಡೆಯೆಲ್ಲ ಚುಕ್ಕಿ ಚುಕ್ಕಿ ಚುಕ್ಕಿ. ರಂಗೋಲಿ ಹಾಕಲು ಹೊರಟವಳು ಎಳೆ ಎಳೆಯುವುದನ್ನೇ ಮರೆತ ಹಾಗೆ.

"ಏನ್ ತಾಯಿ ಇದು, ಹೊಲದ ಸುತ್ತ ಗೂಟ ಹೊಡ್ದಂಗ್ ಹೊಡ್ದಿದೀರಲ್ಲ?" ಎಂದರು. "ನಮ್ ಕೇಸಲ್ಲಿರೋ ಆಶ್ಚರ್ಯದ ಮೊಳೆ ಎಲ್ಲಾ ನಿಮ್ಮ ಮೂರನೇ ಪುಟಕ್ಕೇ ಮುಗ್ದೋಯ್ತವೆ. ನಾಲ್ಕನೇ ಪುಟದಲ್ಲಿ ಇನ್ಯಾರಾದ್ರೂ ಸತ್ರೆ ಏನ್ ಮಾಡೋಣ?"

ನನಗೆ ಸಿಟ್ಟೂ ಬಂತು, ನಗುವೂ ಬಂತು. ತೆಗೆದುಹಾಕಿ ಹಾಗಾದರೆ ಎಂದೆ. ಅವರು ಕೆಂಪು ಪೆನ್ನನ್ನು ಕೆಳಗಿಟ್ಟುಬಿಟ್ಟರು. ಅದು ಅವರ ಕಟ್ಟುನಿಟ್ಟು. ಗೇಲಿ ಮಾಡುತ್ತಿದ್ದರು, ಬುದ್ಧಿ ಹೇಳುತ್ತಿದ್ದರು, ಆದರೆ ಬರೆದವರು ಇಟ್ಟ ಒಂದು ಅಲ್ಪವಿರಾಮವನ್ನೂ ತಾವಾಗಿ ಮುಟ್ಟುತ್ತಿರಲಿಲ್ಲ. ಅಕ್ಷರದ ತಪ್ಪನ್ನು ತಿದ್ದುವುದು ಪ್ರೆಸ್ಸಿನ ಕೆಲಸ, ಉಸಿರು ಎಲ್ಲಿ ಬಿಡಬೇಕು ಎನ್ನುವುದು ಬರೆದವರ ಕೆಲಸ ಎನ್ನುತ್ತಿದ್ದರು. ಕೊನೆಗೆ ನಾನೇ ಕೂತು ಗೂಟಗಳನ್ನು ಒಂದೊಂದಾಗಿ ಕಿತ್ತೆ. ಕಿತ್ತ ಕಡೆ ವಾಕ್ಯ ಬೀಳಬಹುದೆಂದು ಹೆದರಿದ್ದೆ, ಬೀಳಲಿಲ್ಲ. ಸಾವಿನ ಸುದ್ದಿ ತಂದವನು ಬಾಗಿಲಲ್ಲಿ ಕಿರುಚದೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರೆ ಹೆಚ್ಚು ಭಯವಾಗುತ್ತದಲ್ಲ, ಅದನ್ನು ನಾನು ಕಲಿತದ್ದು ಆ ಮಧ್ಯಾಹ್ನ.

ಇನ್ನೊಂದು ದಿನ ಹೇಳಿದ್ದರು: "ನಮ್ ತಾತ ಪುರಾಣ ಓದೋವಾಗ ಯಾವ ಕಾಮಾ ಇತ್ತು ತಾಯಿ? ಉಸಿರು ಸಾಲ್ದಿದ್ ಕಡೆ ನಿಲ್ಲುಸ್ತಿದ್ದ. ಕೇಳೋರೂ ಅಲ್ಲೇ ನಿಲ್ಲುಸ್ತಿದ್ರು." ಇಂಥ ಮಾತನ್ನೆಲ್ಲ ಆಗ ಬರೆದಿಟ್ಟುಕೊಳ್ಳಬೇಕಿತ್ತು. ಬರೆದಿಟ್ಟುಕೊಳ್ಳಲಿಲ್ಲ. ಎಷ್ಟೋ ಮರೆತಿದ್ದೇನೆ...

ಮೂರನೆಯ ಶನಿವಾರವೋ ನಾಲ್ಕನೆಯದೋ, ಅವರು ನೋಡಿ ಮುಗಿಸಿದ್ದ ಒಂದು ಕರಡಿನಲ್ಲಿ ಎರಡು ವಾಕ್ಯಗಳು ನಡುವೆ ಪೂರ್ಣವಿರಾಮವಿಲ್ಲದೆ ಅಂಟಿಕೊಂಡದ್ದು ನನ್ನ ಕಣ್ಣಿಗೆ ಬಿತ್ತು. ಮುಂದಿನ ಪುಟದಲ್ಲೂ ಅಂಥದೇ ಒಂದು. ತೋರಿಸಿದೆ. ಮೇಷ್ಟ್ರು ಭೂತಗನ್ನಡಿ ಹಿಡಿದು ಆ ಜಾಗವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಓನರ ಕೋಣೆಯ ಕಡೆ ತಿರುಗಿ, ಬಾಗಿಲು ಮುಚ್ಚಿದೆಯೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು.

"ಅಕ್ಷರ ಕಾಣುತ್ತೆ ಕಣಮ್ಮ. ಚುಕ್ಕಿ ಕಾಣಲ್ಲ."

ಕಣ್ಣಿನ ಒಳಗಿನ ಪ್ರೆಶರ್ ಅಂತೆ. ಹೋದ ನೋಟ ವಾಪಸು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಚುಕ್ಕಿ ಇರುವ ಜಾಗ ಇದು ಎಂದು ಗೊತ್ತಾದರೆ ಭೂತಗನ್ನಡಿಯಲ್ಲಿ ಹುಡುಕಿ ನೋಡಬಲ್ಲರು. ಎಲ್ಲಿ ಹುಡುಕಬೇಕೆಂದೇ ಗೊತ್ತಿಲ್ಲದಿದ್ದರೆ ತಪ್ಪಿಹೋಗುತ್ತಿತ್ತು.

"ಒಳಗ್ ಗೊತ್ತಾದ್ರೆ ನಾಳೆಯಿಂದ ಬರ್ಬ್ಯಾಡಿ ಅಂತಾರೆ. ಮನೇಲ್ ಕೂತ್ಕೊಂಡು ನಾನೇನ್ ಮಾಡ್ಲಿ? ನಂಗೆ ಗೊತ್ತಿರೋದು ಇದೊಂದೇ," ಎಂದರು. ಯಾರಿಗೂ ಹೇಳುವುದಿಲ್ಲ ಎಂದೆ. ಬರೀ ಹೇಳಲಿಲ್ಲ, ತಂಗಿಯ ಮೇಲೆ ಆಣೆ ಇಟ್ಟೆ. ಸತ್ತವರ ಮೇಲೆ ಆಣೆ ಇಡಬಾರದು ತಾಯಿ ಎಂದು ಅವರೇ ಗದರಿದರು.

ದಾರಿಯನ್ನೂ ಅವರೇ ಹುಡುಕಿದರು. ಹಿಂದೆ ದೊಡ್ಡ ಪ್ರೆಸ್ಸುಗಳಲ್ಲಿ ಇಬ್ಬರು ಕೂತು ಕರಡು ನೋಡುತ್ತಿದ್ದರಂತೆ. ಒಬ್ಬ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬ ಕರಡಿನಲ್ಲಿ ತಾಳೆ ನೋಡುವುದು. ಓದುವವನು ನಡುನಡುವೆ ಕಾಮಾ, ಫುಲ್‌ಸ್ಟಾಪ್ ಎಂದು ಅದನ್ನೂ ಹೇಳಬೇಕು. ಕಥೆಗೆ ಹಾಗೆ ಮಾಡಿದರೆ ಊಟದ ನಡುವೆ ಕಲ್ಲು ಸಿಕ್ಕಿದಂತೆ ಎಂದು ಮೇಷ್ಟ್ರಿಗೆ ಇಷ್ಟವಿರಲಿಲ್ಲ. ಆದ್ದರಿಂದ ತಟ್ಟುವುದು ಎಂದಾಯಿತು. ನಾನು ನನ್ನ ಹಸ್ತಪ್ರತಿಯನ್ನು ಓದುತ್ತ ಹೋಗಬೇಕು. ಅಲ್ಪವಿರಾಮಕ್ಕೆ ಮೇಜಿನ ಮೇಲೆ ಬೆರಳಿನಿಂದ ಒಂದು ಸಲ ತಟ್ಟಬೇಕು, ಪೂರ್ಣವಿರಾಮಕ್ಕೆ ಎರಡು, ಚುಕ್ಕಿಸಾಲಿಗೆ ಮೂರು. ಅಳಿದುಳಿದ ಆಶ್ಚರ್ಯ ಚಿಹ್ನೆಗೆ ಅಂಗೈಯಲ್ಲಿ ಒಂದು ಏಟು. ತಟ್ಟಿದ ಕಡೆಯೆಲ್ಲ ಅವರು ಭೂತಗನ್ನಡಿ ಇಟ್ಟು ಚುಕ್ಕಿ ಇದೆಯೇ ನೋಡುತ್ತಿದ್ದರು. ದನಿ ನಿಂತೂ ಬೆರಳು ತಟ್ಟದ ಕಡೆ ಭೂತಗನ್ನಡಿಯಲ್ಲಿ ನೋಡಿ, ಕರಡಿನಲ್ಲಿ ಚುಕ್ಕಿ ಇದ್ದರೆ ಕೆಂಪಿನಲ್ಲಿ ಹೊಡೆದುಹಾಕುತ್ತಿದ್ದರು.

ಓನರು ಒಮ್ಮೆ ಇಣುಕಿ, "ಏನ್ ಮೇಡಂ, ಭಜನೆ ಶುರು ಮಾಡ್ಕೊಂಡ್ರಾ?" ಎಂದು ನಕ್ಕು ಹೋದರು. ಅವರಿಗೆ ಅನುಮಾನ ಬರಲಿಲ್ಲ. ನನಗಂತೂ ಅವು ಸುಖದ ಶನಿವಾರಗಳು. ನನ್ನ ವಾಕ್ಯ ಎಲ್ಲಿ ಏದುಸಿರು ಬಿಡುತ್ತದೆ, ಎಲ್ಲಿ ಸುಮ್ಮನೆ ನಿಂತು ಕಾಲಹರಣ ಮಾಡುತ್ತದೆ ಎಂಬುದು ಬೆರಳಿಗೆ ಗೊತ್ತಾಗುತ್ತಿತ್ತು. ಬರವಣಿಗೆಯನ್ನು ನಾನು ಕಲಿತದ್ದು ಆ ಮೇಜಿನ ಮೇಲೆ. ಇದನ್ನು ಎಲ್ಲಿಯೂ ಹೇಳಿಕೊಂಡಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಒಂದು ಶನಿವಾರ ಕೊನೆಯ ಕಥೆಯ ಕರಡು ಬಂತು. ಎಂದಿನಂತೆ ಓದಿದೆ, ತಟ್ಟಿದೆ. ಬಸ್ಸು, ಕಿಟಕಿ, ಅವಳ ಹಸಿರು ಬಳೆ... ಕೊನೆಯ ವಾಕ್ಯ ಓದುವಷ್ಟರಲ್ಲಿ ಅಳು ಒತ್ತರಿಸಿ ಬಂತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಎಷ್ಟು ಹೊತ್ತು ಅತ್ತೆನೋ ತಿಳಿಯದು. ಮೇಷ್ಟ್ರು ಏನೂ ಕೇಳಲಿಲ್ಲ. ಕಾಫಿ ತರಿಸಿದರು. ಕರಡುಗಳನ್ನು ಮಡಚಿ, ದಾರ ಕಟ್ಟಿ ಒಳಗೆ ಕಳಿಸಿದರು.

ಒಂದೂವರೆ ತಿಂಗಳ ಮೇಲೆ ಪುಸ್ತಕ ಬಂತು. ಬೈಂಡಿಂಗಿನ ಅಂಟು ಇನ್ನೂ ಆರಿರಲಿಲ್ಲ. ನಾನು ಮೊದಲು ತೆರೆದದ್ದು ಕೊನೆಯ ಪುಟವನ್ನೇ. 'ಎಂದಳು' ಆದ ಮೇಲೆ ಪೂರ್ಣವಿರಾಮ ಇರಲಿಲ್ಲ. ಬರೀ ಬಿಳಿ ಹಾಳೆ. ಬೇರೆ ಎಲ್ಲಾದರೂ ಆಗಿದ್ದರೆ ಹಾಳಾಗಲಿ ಎನ್ನುತ್ತಿದ್ದೆನೇನೋ. ನನ್ನ ತಂಗಿಯ ಕಥೆ, ಅದರ ಕೊನೆಯ ವಾಕ್ಯ. ಇವರಿಗೆ ಅದೊಂದನ್ನು ನೆಟ್ಟಗೆ ಮುಗಿಸಲಾಗಲಿಲ್ಲವೇ ಎಂದು ತಲೆಗೆ ರಕ್ತ ಏರಿತು. ಓನರ ಕೋಣೆಗೆ ನುಗ್ಗಿದೆ. ನನ್ನ ದನಿ ಕೇಳಿ ಮೇಷ್ಟ್ರೂ ಎದ್ದು ಬಂದು ಬಾಗಿಲಲ್ಲಿ ನಿಂತರು.

"ಅಷ್ಟಕ್ಕೆಲ್ಲಾ ಯಾಕ್ ಮೇಡಂ? ಎಲ್ಲಾ ಪ್ರತಿಗೂ ಪೆನ್ನಲ್ಲಿ ಒಂದೊಂದ್ ಚುಕ್ಕಿ ಇಟ್ಟುಬುಡೋಣ," ಎಂದು ಓನರು ಸಮಾಧಾನದ ದನಿಯಲ್ಲಿಯೇ ಹೇಳಿದರು.

"ಪೆನ್ನಲ್ಲಿ ಇಡ್ತಾರಂತೆ! ಕಣ್ಣೇ ಕಾಣದೋರ ಕೈಗೆ ಕರಡು ಕೊಟ್ಟು ಕೂತಿದೀರಲ್ಲ, ಮೊದ್ಲು ಅದನ್ನ ನೋಡ್ಕೊಳ್ಳಿ," ಎಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಕ್ಕಳಿಗೆ ಎಷ್ಟೋ ಸಲ ಕಾಪಿ ಬರೆಸಿದ್ದ ಗಾದೆ ಅದು. ಓನರು ನನ್ನನ್ನು ಬಿಟ್ಟು ಮೇಷ್ಟ್ರ ಕಡೆ ನೋಡಿದರು. ಹೌದಾ ಎಂದು ಕೇಳಿದರು. ಮೇಷ್ಟ್ರು ಹೌದು ಎಂದರು, ಅಷ್ಟೇ. ತಮ್ಮ ಮೇಜಿಗೆ ಹೋಗಿ ಭೂತಗನ್ನಡಿಯನ್ನು ಪಂಚೆಯ ತುದಿಯಿಂದ ಒರೆಸಿ ಜೇಬಿಗೆ ಹಾಕಿಕೊಂಡರು, ಕೆಂಪು ಪೆನ್ನನ್ನು ಅಲ್ಲೇ ಬಿಟ್ಟರು. ನನ್ನ ಪಕ್ಕದಲ್ಲೇ ಹಾದುಹೋದರು. ನಾನು ತಡೆಯಲಿಲ್ಲ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದದ್ದೇ ಸರಿ ಎಂದೂ ಒಳಗೆ ಅನ್ನಿಸಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ನಿಜ.

ಪುಸ್ತಕದ ಬಿಡುಗಡೆ ತುಮಕೂರಿನಲ್ಲೇ ಒಂದು ಚಿಕ್ಕ ಹಾಲಿನಲ್ಲಿ ಆಯಿತು. ಮೇಷ್ಟ್ರಿಗೆ ಬಹಳ ಮೊದಲೇ ಆಮಂತ್ರಣ ಕೊಟ್ಟಿದ್ದೆ. ಬರುತ್ತಾರೆಂದು ಎಣಿಸಿರಲಿಲ್ಲ. ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿ, ಮಗಳ ತೋಳು ಹಿಡಿದು ಬಂದು ಹಿಂದಿನ ಸಾಲಿನಲ್ಲಿ ಕೂತರು. ನಾನು ನೋಡದವಳಂತೆ ಮುಖ ತಿರುಗಿಸಿದೆ.

ಕೊನೆಯ ಕಥೆಯ ಕೊನೆಯ ಪುಟ ಓದಿ ಎಂದು ಕಾರ್ಯಕ್ರಮದವರು ಕೇಳಿದರು. ಮೈಕಿನ ಮುಂದೆ ನಿಂತು ಓದತೊಡಗಿದೆ. ಎರಡು ಸಾಲು ದಾಟುವಷ್ಟರಲ್ಲಿ ನನ್ನ ಬೆರಳು ಮೈಕಿನ ಸ್ಟ್ಯಾಂಡನ್ನು ತಟ್ಟುತ್ತಿರುವುದು ನನಗೇ ಕೇಳಿಸಿತು. ಒಂದು, ಒಂದು, ಎರಡು. ಅಷ್ಟು ಶನಿವಾರಗಳ ರೂಢಿ, ಬಿಟ್ಟಿರಲಿಲ್ಲ. ಬಸ್ಸು ಬಂತು, ಕಿಟಕಿ ಬಂತು, ಬಳೆ ಬಂತು. ಕೊನೆಯ ವಾಕ್ಯಕ್ಕೆ ಬಂದಾಗ ಅಳು ಅಲ್ಲೇ, ಅದೇ ಜಾಗದಲ್ಲೇ ಒತ್ತರಿಸಿತು. 'ಎಂದಳು' ಎಂದೆ. ಕೈ ತಾನಾಗಿ ಸೆರಗಿಗೆ ಹೋಯಿತು. ತಟ್ಟಲಿಲ್ಲ.

ಆಗ ಗೊತ್ತಾಯಿತು. ಅವತ್ತೂ ತಟ್ಟಿರಲಿಲ್ಲ. ಮೇಷ್ಟ್ರು ಭೂತಗನ್ನಡಿ ಇಟ್ಟು ನೋಡಿರಬೇಕು, ಕರಡಿನಲ್ಲಿ ಚುಕ್ಕಿ ಇದ್ದಿರಬೇಕು. ನಾನು ತಟ್ಟಿಲ್ಲವೆಂದರೆ ಹಸ್ತಪ್ರತಿಯಲ್ಲಿ ಅದು ಇಲ್ಲ, ನಾನು ಬೇಕೆಂದೇ ಬಿಟ್ಟಿದ್ದೇನೆ ಎಂದು ತಿಳಿದರು. ಬರೆದವರ ಉಸಿರನ್ನು ಮುಟ್ಟಬಾರದು. ಅವರು ಚುಕ್ಕಿಯನ್ನು ಹೊಡೆದುಹಾಕಿದರು. ತಪ್ಪು ಅವರ ಕಣ್ಣಿನದಲ್ಲ, ನನ್ನ ಬೆರಳಿನದು.

ನಾನು ಇದನ್ನು ಅರಗಿಸಿಕೊಳ್ಳುವ ಮೊದಲೇ ಮುಖ್ಯ ಅತಿಥಿಗಳಾಗಿದ್ದ ನಿವೃತ್ತ ಪ್ರೊಫೆಸರರು ಎದ್ದು ನಿಂತು, ಈ ಲೇಖಕಿ ಕೊನೆಗೆ ಪೂರ್ಣವಿರಾಮವನ್ನೇ ಇಟ್ಟಿಲ್ಲ, ಗಮನಿಸಿದಿರಾ ಎಂದು ಸಭೆಯನ್ನು ಕೇಳಿದರು. ಸಾವು ಆ ತಂಗಿಯ ಮಾತನ್ನು ಮುಗಿಸಲಾರದೆ ಹೋಯಿತು, ಆ ಸೋಮವಾರ ಇನ್ನೂ ಬರುತ್ತಲೇ ಇದೆ, ಇದು ಸಾಮಾನ್ಯ ಧೈರ್ಯವಲ್ಲ ಎಂದರು. ಚಪ್ಪಾಳೆ ಬಿತ್ತು. ನಾನು ಕೈ ಮುಗಿದೆ. ಅದು ನನ್ನ ಧೈರ್ಯವಲ್ಲ ಎನ್ನಲು ಮೈಕು ಒಂದು ಗೇಣು ದೂರದಲ್ಲಿತ್ತು. ಕೈ ಮುಗಿದುಕೊಂಡೇ ಕೂತೆ. ಹಿಂದಿನ ಸಾಲಿನಲ್ಲಿ ಮೇಷ್ಟ್ರೂ ಎಲ್ಲರೊಡನೆ ಚಪ್ಪಾಳೆ ತಟ್ಟುತ್ತಿದ್ದರು. ಅವರ ಮಗಳು ತಟ್ಟುತ್ತಿರಲಿಲ್ಲ.

ನಾಳೆ ಹೋಗಿ ಮಾತಾಡಬೇಕು ಎಂದುಕೊಂಡೆ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಪರೀಕ್ಷೆ ಬಂತು, ರಜೆ ಬಂತು, ಪುಸ್ತಕಕ್ಕೆ ಒಂದೆರಡು ಒಳ್ಳೆಯ ವಿಮರ್ಶೆ ಬಂದವು. ಎಲ್ಲರೂ ಬರೆದದ್ದು ಆ ಕೊನೆಯನ್ನು ಕುರಿತೇ. ಒಂದೊಂದು ವಿಮರ್ಶೆ ಬಂದಾಗಲೂ ಹೋಗುವುದು ಇನ್ನಷ್ಟು ಕಷ್ಟವಾಯಿತು. ವರ್ಷದ ಮೇಲೆ ಆರು ತಿಂಗಳಾದ ಮೇಲೆ ಹೋದೆ. ಅಷ್ಟರಲ್ಲಿ ಅವರು ತುಮಕೂರು ಬಿಟ್ಟು, ಕುಣಿಗಲ್ಲಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಮಗಳ ಮನೆ ಸೇರಿದ್ದರು. ಆಗ ಅಕ್ಷರವೂ ಕಾಣುತ್ತಿರಲಿಲ್ಲ. ದನಿ ಕೇಳಿಯೇ ಗುರುತು ಹಿಡಿದು, "ಟೀಚರಮ್ಮ ಬಂದವ್ರೆ, ಕಾಫಿ ಇಡವ್ವ," ಎಂದು ಮಗಳನ್ನು ಕೂಗಿದರು.

"ಮೇಷ್ಟ್ರೇ, ಅವತ್ತು ನಾನು ತಟ್ಟಿರ್ಲಿಲ್ಲ," ಎಂದೆ. ದಾರಿಯುದ್ದಕ್ಕೂ ಬೇರೆ ಏನೇನೋ ಜೋಡಿಸಿಕೊಂಡು ಬಂದಿದ್ದೆ, ಬಾಯಿಗೆ ಬಂದದ್ದು ಇಷ್ಟೇ.

"ಗೊತ್ತು ಕಣಮ್ಮ. ನೀವು ಕೂಗಾಡಿದ್ರಲ್ಲ, ಅವತ್ತೇ ಗೊತ್ತಾಯ್ತು."

"ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನನ್ ಕಣ್ಣು ವಾಪಸ್ ಬರ್ತಿತ್ತಾ?"

ಕರಡು ಓದಿದ ದಿನವೇ ಒಂದು ಮಾತು ಕೇಳಬಹುದಿತ್ತಲ್ಲ, ಚುಕ್ಕಿ ಬೇಡವಾ ಎಂದು, ಅಂದೆ. ಅಳುತ್ತ ಕೂತವಳನ್ನು ಚುಕ್ಕಿ ಎಲ್ಲಿ ಎಂದು ಯಾರು ಕೇಳುತ್ತಾರೆ ಎಂದರು. ಆಮೇಲೆ ಮಗಳು ಕೊಟ್ಟ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನಾನು ಎಣಿಸಿರದ ಒಂದು ಮಾತು ಹೇಳಿದರು.

"ಜನ ಏನೇ ಹೊಗಳ್ಲಿ ತಾಯಿ, ಅಲ್ಲೊಂದು ಚುಕ್ಕಿ ಇರ್ಬೇಕಿತ್ತು. ಹೋದೋರ್ಗೆ ಒಂದು ಚುಕ್ಕಿ ಇಡ್ಬೇಕು. ಇಲ್ಲಾಂದ್ರೆ ಇರೋರು ಬಸ್ ಸ್ಟ್ಯಾಂಡಲ್ಲೇ ನಿಂತಿರ್ತಾರೆ."

ತಪ್ಪಾಯಿತು, ಕ್ಷಮಿಸಿ ಎಂದು ಕೇಳಿದೆ. ಕಾಫಿ ಆರುತ್ತೆ ಕುಡಿಯಿರಿ ಎಂದರು. ಕ್ಷಮಿಸಿದ್ದೇನೆ ಎನ್ನಲಿಲ್ಲ. ನಾನು ಅದನ್ನು ಮತ್ತೆ ಕೇಳುವ ಧೈರ್ಯ ಮಾಡಲಿಲ್ಲ. ಆಮೇಲೆ ಎರಡು ಸಲ ಹೋಗಿದ್ದೆ. ಮೂರನೆಯ ಸಲ ಹೋಗುವಷ್ಟರಲ್ಲಿ ಅವರು ಇರಲಿಲ್ಲ. ತಿಥಿ ಕೂಡ ಮುಗಿದಿತ್ತು.

ಈಗ ಇಷ್ಟು ವರ್ಷಗಳ ಮೇಲೆ ಆ ಪುಸ್ತಕದ ಮರುಮುದ್ರಣ ಆಗುತ್ತಿದೆ. ಪ್ರಕಾಶಕರು ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿದ ಕರಡನ್ನು ಮೊಬೈಲಿಗೆ ಕಳಿಸಿದ್ದಾರೆ. ಕೊನೆಯ ವಾಕ್ಯಕ್ಕೆ ಪೂರ್ಣವಿರಾಮ ಹಾಕಿಸಿದೆ. ಚುಕ್ಕಿ ಇಲ್ಲದಿರೋದೇ ಈ ಕಥೆಯ ಹೆಸರುವಾಸಿ ಸಂಗತಿ ಮೇಡಂ, ಹಾಕಿಸ್ಬೇಡಿ ಎಂದು ಅವರು ಬೇಡಿಕೊಂಡರು. ನಾನು ಒಪ್ಪಲಿಲ್ಲ. ಅರ್ಪಣೆಯ ಪುಟದಲ್ಲಿ ಮೇಷ್ಟ್ರ ಹೆಸರು ಹಾಕಿಸಿ, ನಡೆದದ್ದನ್ನೆಲ್ಲ ಮುನ್ನುಡಿಯಲ್ಲಿ ಬರೆದುಬಿಡಬೇಕು ಎಂದು ನಿರ್ಧರಿಸಿದ್ದೆ. ಅವರ ಮಗಳಿಗೆ ಒಂದು ಮಾತು ಹೇಳಿ ಬರೋಣವೆಂದು ಮೊನ್ನೆ ಭಾನುವಾರ ಕುಣಿಗಲ್ಲಿಗೆ ಹೋದೆ. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ.

ಅವಳಿಗೂ ತಲೆ ನೆರೆತಿದೆ. ಬಟ್ಟೆಗೆ ಗುರುತು ಹಾಕುತ್ತಲೇ ನಾನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡಳು.

"ಹೆಸರು ಬ್ಯಾಡ ಮೇಡಂ," ಎಂದಳು. "ಅವತ್ತು ನೀವಂದಿದ್ದು ತುಮಕೂರಲ್ಲಿ ಎಲ್ಲಾ ಪ್ರೆಸ್ಸಿಗೂ ಹೋಯ್ತು. ಆಮೇಲೆ ಅಪ್ಪ ಮೂರು ಕಡೆ ಕೆಲಸ ಕೇಳಿದ್ರು. ಮೂರೂ ಕಡೆ ಮೊದ್ಲು ಕೇಳಿದ್ದು ಕಣ್ಣು ಹೆಂಗಿದೆ ಅಂತ. ಈಗ ನೀವು ಹೆಸರು ಹಾಕಿದ್ರೆ, ಗೊತ್ತಿರೋರು ಓ ಆ ಕುರುಡು ಮೇಷ್ಟ್ರಾ ಅಂತಾರೆ. ಹಂಗೆ ನೆನಸ್ಕೊಳೋದಾದ್ರೆ ಯಾರೂ ನೆನಸ್ಕೊಳೋದೇ ಬ್ಯಾಡ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ. ನಾನು ಎದ್ದು ಬಾಗಿಲಿಗೆ ಬಂದ ಮೇಲೆ, ಏನೋ ಯೋಚಿಸಿ, "ಬರೀಬೇಕು ಅನ್ಸಿದ್ರೆ ಬರ್ಕೊಳ್ಳಿ. ಹೆಸರು ಮಾತ್ರ ಎಲ್ಲೂ ಹಾಕ್ಬ್ಯಾಡಿ," ಎಂದಳು.

ಅರ್ಪಣೆಯ ಪುಟವನ್ನು ಖಾಲಿ ಬಿಡಲು ಪ್ರಕಾಶಕರಿಗೆ ತಿಳಿಸಿದ್ದೇನೆ. ಇಲ್ಲಿಯೂ ಅವರನ್ನು ಮೇಷ್ಟ್ರು ಎಂದಷ್ಟೇ ಕರೆದಿದ್ದೇನೆ. ಅವರ ಹೆಸರು, ಅವರ ತಂದೆಯ ಹೆಸರು, ಊರು ಎಲ್ಲ ನನಗೆ ಗೊತ್ತು. ಅದನ್ನು ಹೇಳುವ ಹಕ್ಕು ನನಗೆ ಉಳಿದಿಲ್ಲ.